ಬರೆದವರೇ ತೂಗಬೇಕು

ಅತ್ತೆಯನ್ನು ಹಾಸಿಗೆಯಿಂದ ಎತ್ತಿ ಕುರ್ಚಿಗೆ ಕೂರಿಸುವಾಗ ಸೊಸೆಯ ಬಾಯಲ್ಲಿ ಪೆನ್ಸಿಲ್ ಇತ್ತು.

"ಎತ್ತೋದಾದ್ರೆ ಎತ್ತು, ಬರೆಯೋದಾದ್ರೆ ಬರಿ," ಎಂದರು ಅತ್ತೆ, ಜೋಲಿಯ ಒಳಗಿನಿಂದ. "ನಾನೇನು ಒಗೆಯೋ ಬಟ್ಟೆ ಗಂಟಾ, ಹೀಗೆ ನಡುವೆ ನೇತುಹಾಕ್ಕೊಂಡು ಯೋಚನೆ ಮಾಡೋಕೆ?"

ಜೋಲಿಯ ಇನ್ನೊಂದು ತುದಿ ಹಿಡಿದಿದ್ದ ದರ್ಜಿ ಅಕ್ಕ ಕಿಸಕ್ಕನೆ ನಕ್ಕಳು. ನಕ್ಕ ಭರಕ್ಕೆ ಜೋಲಿ ಒಂದು ಪಕ್ಕಕ್ಕೆ ವಾಲಿ ಅತ್ತೆಯ ಕಾಲು ಮೇಲೆ, ತಲೆ ಕೆಳಗೆ ಆಯಿತು.

"ಅಯ್ಯಯ್ಯೋ, ಕೊಂದ್ರಲ್ಲೇ!"

ಇಬ್ಬರೂ ಅವರನ್ನು ಮತ್ತೆ ಹಾಸಿಗೆಗೇ ಇಳಿಸಿದರು. ಪಟ್ಟಿಗಳನ್ನು ನೋಡಿದರೆ ಒಂದು ಬಿಗಿ, ಒಂದು ಸಡಿಲ. ಅವಳು ಬಾಯಿಂದ ಪೆನ್ಸಿಲ್ ತೆಗೆದು ಗೋಡೆಗೆ ಅಂಟಿಸಿದ್ದ ಹಾಳೆಯಲ್ಲಿ ಏನೋ ಗೀಚಿದಳು.

ಅತ್ತೆಗೆ ಯಾವ ಕಾಯಿಲೆಯೂ ಇರಲಿಲ್ಲ. ಎರಡು ಕಾಲೂ ನೆಟ್ಟಗಿದ್ದವು, ನಾಲಿಗೆ ಅದಕ್ಕಿಂತ ನೆಟ್ಟಗಿತ್ತು. ಸೊಸೆಯ ಕೆಲಸಕ್ಕೆ ಒಬ್ಬ ರೋಗಿ ಬೇಕಾಗಿತ್ತು, ಅವರು ಒಪ್ಪಿಕೊಂಡಿದ್ದರು, ಅಷ್ಟೆ. ಜೋಲಿಯನ್ನು ಹಳೆಯ ಕಿಟಕಿ ಪರದೆಯಿಂದ ಹೊಲಿದುಕೊಟ್ಟವಳು ಎದುರು ಮನೆಯ ದರ್ಜಿ ಅಕ್ಕ. ನಾಲ್ಕು ಮೂಲೆಗೂ ಗಟ್ಟಿ ಪಟ್ಟಿಯ ಹಿಡಿಕೆ ಇಟ್ಟಿದ್ದಳು.

ಸೊಸೆಯ ಕೆಲಸ ಇಂಗ್ಲಿಷಿನಿಂದ ಸ್ಪ್ಯಾನಿಷ್‌ಗೆ ಅನುವಾದ. ವಿಶ್ವವಿದ್ಯಾಲಯದಲ್ಲಿ ಓದುವಾಗ ಕವಿತೆ ಅನುವಾದಿಸುತ್ತೇನೆಂದುಕೊಂಡಿದ್ದಳು. ಈಗ ಇಸ್ತ್ರಿ ಪೆಟ್ಟಿಗೆ, ಬಟ್ಟೆ ಒಗೆಯುವ ಯಂತ್ರ, ನೀರು ಸೋಸುವ ಯಂತ್ರಗಳ ಜೊತೆ ಬರುವ ಸಣ್ಣ ಅಕ್ಷರದ ಪುಸ್ತಕಗಳನ್ನು ಅನುವಾದಿಸುತ್ತಿದ್ದಳು. ಚಪ್ಪಲಿ ಅಂಗಡಿಯ ಮೇಲಿನ ಕಚೇರಿ. ಮೆಟ್ಟಿಲು ಹತ್ತುವಾಗಲೇ ಹೊಸ ಚರ್ಮದ ವಾಸನೆ. ಒಳಗೆ ಮೂರು ಮೇಜು, ಅದರಲ್ಲಿ ಮೂಲೆಯದು ಅವಳದು. ಗಂಡ ತೀರಿಹೋದ ಮೇಲೆ ಅವಳಿಗೆ ಬೆಳಗ್ಗೆ ಏಳಲು ಆ ಮೇಜನ್ನು ಬಿಟ್ಟರೆ ಬೇರೆ ಕಾರಣವಿರಲಿಲ್ಲ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಹಿಂದಿನ ವಾರ ಕಚೇರಿಯ ಯಜಮಾನರು ಆ ಮೇಜಿನ ಪಕ್ಕ ಬಂದು ನಿಂತಿದ್ದರು. ಒಳ್ಳೆಯ ಸುದ್ದಿಯಾದರೆ ಕೂತು ಹೇಳುವ ಮನುಷ್ಯ. ನಿಂತದ್ದು ನೋಡಿಯೇ ಅವಳಿಗೆ ಗೊತ್ತಾಯಿತು.

"ಆಸ್ಪತ್ರೆ ಸಾಮಾನು ಮಾಡೋ ಕಾರ್ಖಾನೆಯವರದ್ದು ಒಂದು ಕೆಲಸ ಇದೆ. ಏಳೋಕಾಗದ ರೋಗಿನ ಜೋಲಿಯಲ್ಲಿ ಎತ್ತಿ ಕುರ್ಚಿಗೆ ಕೂರಿಸೋ ಯಂತ್ರ. ಅದು ಮಾತಾಡುತ್ತೆ. ಈಗ ಹೀಗ್ಮಾಡಿ, ಈಗ ಹಾಗ್ಮಾಡಿ ಅಂತ ದಾದಿಯರಿಗೆ ತಾನೇ ಹೇಳುತ್ತೆ. ಅದಕ್ಕೆ ಸ್ಪ್ಯಾನಿಷ್ ಬರೀಬೇಕು."

"ಬರೀತೀನಿ ಸರ್."

"ನೀನೊಬ್ಬಳೇ ಅಲ್ಲ. ಗಾಜಿನ ಕಟ್ಟಡದ ದೊಡ್ಡ ಕಂಪನಿಗೂ ಕೊಟ್ಟಿದಾರೆ. ಎರಡನ್ನೂ ಪರೀಕ್ಷೆ ಮಾಡಿ ಒಂದನ್ನ ಇಟ್ಕೋತಾರಂತೆ. ಗೆದ್ದವರಿಗೆ ಆ ಕಾರ್ಖಾನೆಯ ಅಷ್ಟೂ ಯಂತ್ರ." ಅವರು ಗಂಟಲು ಸರಿಮಾಡಿಕೊಂಡರು. "ಇದು ತಪ್ಪಿಹೋದ್ರೆ ಸ್ಪ್ಯಾನಿಷ್‌ಗೆ ಅಂತ ಒಂದು ಮೇಜು ಇಡೋಕೆ ನನ್ನ ಕೈಲಾಗಲ್ಲಮ್ಮ. ನಿನ್ನನ್ನ ಬೇಡ ಅನ್ನಲ್ಲ. ಮುಂದೆ ಫೋನ್ ಹತ್ರ ಕೂತ್ಕೊಳ್ಳುವೆಯಂತೆ."

ಉಪಕಾರ ಮಾಡುವ ದನಿ. ಅವಳು ತಲೆಯಾಡಿಸಿದಳು.

"ಇನ್ನೊಂದು ವಿಷಯ. ಆ ಕಾರ್ಖಾನೆಯಲ್ಲಿ ಒಂದು ಪದ್ಧತಿ ಇದೆ. ನಗಬೇಡ. ಬರೆದವರೇ ತೂಗಬೇಕಂತೆ."

"ಅಂದ್ರೆ?"

"ಸೂಚನೆ ಬರೆದವರೇ ಜೋಲಿಯಲ್ಲಿ ಕೂರಬೇಕು. ಯಂತ್ರ ಮೊದಲ ಸಲ ನೋಡೋ ದಾದಿಯರು, ಸ್ಪ್ಯಾನಿಷ್ ಬಿಟ್ರೆ ಬೇರೆ ಭಾಷೆ ಬಾರದವರು, ಅದು ಹೇಳಿದ ಹಾಗೆ ಎತ್ತುತಾರೆ. ಕೂತವರು ತುಟಿ ಪಿಟಕ್ ಅನ್ನೋ ಹಾಗಿಲ್ಲ. ಬಾಯಿಬಿಟ್ರೆ ಸೋತ ಹಾಗೆ."

ಇಂಗ್ಲಿಷ್ ಪಾಠ ಎರಡೇ ಪುಟದ್ದು. ಓದಿದರೆ ಸುಲಭ, ಮಾಡಹೊರಟರೆ ಕಗ್ಗಂಟು. ಸಾಲು ಸಾಲಿಗೂ 'ಹೋಲ್ಡ್' ಎಂಬ ಒಂದೇ ಪದ. ಪಟ್ಟಿಯನ್ನು ಹೋಲ್ಡ್ ಮಾಡಿ. ರೋಗಿಯ ತಲೆಯನ್ನು ಹೋಲ್ಡ್ ಮಾಡಿ. ಗುಂಡಿಯನ್ನು ಹೋಲ್ಡ್ ಮಾಡಿ. ಆಮೇಲೆ, ಹಿಂದಿಲ್ಲ ಮುಂದಿಲ್ಲ, ಬರೀ 'ಹೋಲ್ಡ್'. ಮೇಲೆತ್ತುವುದಕ್ಕೆ ಮಾತ್ರ 'ಲಿಫ್ಟ್', 'ರೈಸ್', 'ಹಾಯ್ಸ್ಟ್' ಎಂದು ಬೇರೆ ಬೇರೆ ಪದ. ಇಳಿಸುವುದಕ್ಕಂತೂ 'ಲೋವರ್', 'ಈಸ್', 'ಲೆಟ್ ಡೌನ್', 'ರಿಲೀಸ್', 'ಲೆಟ್ ಗೋ' ಎಂಬ ಸಂತೆ. ಜೊತೆಗೆ ಕಾರ್ಖಾನೆಯ ಒಂದು ನಿಯಮ: ಗೊಂದಲವಾಗದಂತೆ ಒಂದು ಇಂಗ್ಲಿಷ್ ಪದಕ್ಕೆ ಎಲ್ಲ ಕಡೆಯೂ ಒಂದೇ ಪದ ಬಳಸತಕ್ಕದ್ದು.

ನಿಘಂಟು ನೋಡಿದಳು. 'ಹೋಲ್ಡ್'ಗೆ ಒಂದು ಪುಟ ತುಂಬ ಸ್ಪ್ಯಾನಿಷ್ ಪದಗಳು, ಒಂದಕ್ಕಿಂತ ಒಂದು ಸರಿಯಾದವು. ಅವುಗಳಲ್ಲಿ ಯಾವುದು ಎಲ್ಲಿಗೆ ಎಂದು ಮೇಜಿನ ಮುಂದೆ ಕೂತು ತಿಳಿಯುವಂತಿರಲಿಲ್ಲ. ಮನೆಗೆ ಬಂದವಳು ಬ್ಯಾಗು ಕೂಡ ಇಳಿಸದೆ ಕೇಳಿದಳು, "ಅತ್ತೆ, ನಿಮ್ಮನ್ನ ಒಂದ್ಸಲ ಎತ್ತಬಹುದಾ?"

ಅತ್ತೆ ಸೊಸೆಯ ಮುಖವನ್ನೇ ನೋಡಿದರು. ಮಗ ಹೋದ ಮೇಲಿನ ಒಂದೂವರೆ ವರ್ಷದಲ್ಲಿ ಆ ಮನೆಯಲ್ಲಿ ಅವಳು ಕೇಳಿದ ಮೊದಲ ವಿಚಿತ್ರ ಪ್ರಶ್ನೆ ಅದು. ಬೇಡ ಎನ್ನಲು ಅವರಿಗೆ ಮನಸ್ಸಾಗಲಿಲ್ಲ.

ಹಾಗೆ ಶುರುವಾದದ್ದು ಈ ಎತ್ತಾಟ. ಸಂಜೆ ಸಂಜೆ ದರ್ಜಿ ಅಕ್ಕ ಹೊಲಿಗೆ ನಿಲ್ಲಿಸಿ ಬರುವಳು. ಇಂಗ್ಲಿಷಿನ ಒಂದು ಸಾಲನ್ನು ಸೊಸೆ ಮೊದಲು ಕೈಯಲ್ಲಿ ಮಾಡಿ ನೋಡುವಳು. ಕೈ ಏನು ಮಾಡಿತು ಎಂಬುದಕ್ಕೆ ಕನ್ನಡದಲ್ಲಿ ತಟ್ಟನೆ ಬಾಯಿಗೆ ಬಂದ ಮಾತನ್ನು ಹಿಡಿಯುವಳು, ಅಲ್ಲಿಂದ ಸ್ಪ್ಯಾನಿಷ್‌ಗೆ ಹೋಗುವಳು. ಪಟ್ಟಿಯನ್ನು ಕೈ ಹಿಡಿದುಕೊಂಡಿತು: ಸುಹೆತಾರ್. ತಲೆಗೆ ಆಸರೆ ಕೊಟ್ಟಿತು: ಸೊಸ್ತೆನೆರ್. ಗುಂಡಿಯನ್ನು ಒತ್ತಿಯೇ ಇತ್ತು: ಮಾಂತೆನೆರ್. ಹಿಂದುಮುಂದಿಲ್ಲದ ಆ ಒಂಟಿ 'ಹೋಲ್ಡ್' ಮಾತ್ರ ಕೈಗೆ ಸಿಕ್ಕಿರಲಿಲ್ಲ. ಅದು ಸಿಕ್ಕಿದ್ದು ಇವತ್ತು, ದರ್ಜಿ ಅಕ್ಕ ನಕ್ಕು ಅತ್ತೆ ತಲೆಕೆಳಗಾದಾಗ. ಹಾಸಿಗೆಯಿಂದ ಒಂದು ಗೇಣು ಮೇಲೆದ್ದ ಕೂಡಲೇ ತಾಳಬೇಕು, ಪಟ್ಟಿ ನಾಲ್ಕೂ ಸಮ ಇವೆಯೇ ನೋಡಬೇಕು. ಇಂಗ್ಲಿಷ್ ಬರೆದವರ ತಲೆಯಲ್ಲಿ ಇಷ್ಟೂ ಇದ್ದಿರಬೇಕು. ಹಾಳೆಗೆ ಬಂದದ್ದು ಒಂದು ಪದ. ಅವಳು ಗೋಡೆಯ ಹಾಳೆಯಲ್ಲಿ ಗೀಚಿದ್ದು ಅದನ್ನೇ: ತಾಳಿ. ನಾಲ್ಕೂ ಪಟ್ಟಿ ನೋಡಿ. ಸಮವಿಲ್ಲದಿದ್ದರೆ ಇಳಿಸಿ ಸರಿಮಾಡಿ.

"ಇಷ್ಟೆಲ್ಲ ಮಾಡ್ತೀಯಲ್ಲ," ಎಂದರು ಅತ್ತೆ, ಕೂದಲು ಸರಿಮಾಡಿಕೊಳ್ಳುತ್ತ. "ಅಲ್ಲಿ ತೂಗೋಳು ನೀನು. ನನ್ನನ್ನ ಎಷ್ಟು ಎತ್ತಿದ್ರೆ ನಿನಗೇನು ಗೊತ್ತಾಗುತ್ತೆ? ನೀನು ಹತ್ತು ನೋಡು ಒಂದ್ಸಲ."

"ನಾನು ಭಾರ ಅತ್ತೆ."

"ಅದಕ್ಕೆ ಇವಳ ಗಂಡ ಇದಾನಲ್ಲ."

ದರ್ಜಿ ಅಕ್ಕನ ಗಂಡನದು ಸಾಮಾನು ಸಾಗಿಸುವ ಗಾಡಿ. ಮನೆ ಬದಲಾಯಿಸುವವರ ಬೀರು, ಫ್ರಿಜ್ಜು, ಮಂಚ ಎಲ್ಲ ಅವನ ಕೈಯಲ್ಲೇ ಇಳಿಯುತ್ತಿದ್ದವು. ಕರೆದ ಕೂಡಲೇ ತೋಳು ಮಡಚಿಕೊಂಡು ಬಂದ.

"ತಂಗೀ, ಮೂರನೇ ಮಹಡಿಯಿಂದ ಕನ್ನಡಿ ಬೀರು ಇಳಿಸಿದೀನಿ, ಒಂದು ಗೀರು ಬಿದ್ದಿಲ್ಲ. ನೀನು ಆರಾಮಾಗಿ ಕೂತ್ಕೋ."

ಅವಳು ಜೋಲಿಯಲ್ಲಿ ಮಲಗಿದಳು. ಗಂಡ ಹೆಂಡತಿ ಇಬ್ಬರೂ ಎತ್ತಿದರು. ಬೆನ್ನ ಕೆಳಗಿನ ಹಾಸಿಗೆ ಇಲ್ಲವಾಯಿತು. ಇಷ್ಟು ದಿನ ಅವಳ ದೇಹ ಎಲ್ಲಿಟ್ಟರೆ ಅಲ್ಲಿರುವ ಸಾಮಾನಿನಂತೆ ಇತ್ತು. ಈಗ ಅಂಗೈ, ಕುತ್ತಿಗೆ, ಮೊಣಕಾಲು ಎಲ್ಲ ಒಟ್ಟಿಗೆ ಎಚ್ಚರಗೊಂಡವು. ಕುರ್ಚಿಯ ಮೇಲೆ ಬಂದಾಗ ಗಾಡಿಯವನು ಹೆಂಡತಿಗೆ ತನ್ನ ಕೆಲಸದ ಭಾಷೆಯಲ್ಲಿ ಹೇಳಿದ:

"ಹಾಂ, ಬಿಡು. ಬಿಡು, ಬಿಡು, ಬಿಡು..."

ಅವಳು ಜೋಲಿಯ ಅಂಚನ್ನು ಗಟ್ಟಿಯಾಗಿ ಹಿಡಿದು ಚೀರಿದಳು. ನಿಧಾನಕ್ಕೆ ಇಳಿಸು ಎಂಬುದಕ್ಕೆ ಗಾಡಿಯವರು ಹಾಗೇ ಹೇಳುವುದೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದರೂ ಜೀವ ಬಾಯಿಗೆ ಬಂದಿತ್ತು.

"ಬೀರು ಯಾವತ್ತೂ ಹೀಗೆ ಕೂಗಿಲ್ಲಪ್ಪ," ಎಂದ ಗಾಡಿಯವನು, ಪೆಚ್ಚಾಗಿ.

"ಬೀರುಗೆ ಕಿವಿ ಇದೆಯೇನೋ?" ಎಂದರು ಅತ್ತೆ.

ಅವಳು ಕುರ್ಚಿಯಲ್ಲೇ ಕೂತಳು. ಆಮೇಲೆ ನಗತೊಡಗಿದಳು. ಜೋರಾಗಿ, ಹೊಟ್ಟೆ ಹಿಡಿದುಕೊಂಡು. ದರ್ಜಿ ಅಕ್ಕ ಗಾಬರಿಯಾಗಿ ನೀರು ತರಲು ಹೋದಳು. ಅತ್ತೆ ಮಾತ್ರ ಅಲುಗಾಡದೆ ಸೊಸೆಯ ಮುಖ ನೋಡುತ್ತ ನಿಂತರು. ಆ ನಗೆ ಎಲ್ಲಿ ನಿಂತುಹೋಗುವುದೋ ಎಂಬಂತೆ.

"ಕಿವಿ ಇದೆ ಅತ್ತೆ," ಎಂದಳು ಅವಳು. "ಯಂತ್ರ ಮಾತಾಡೋದು ದಾದಿಗೆ. ಆದ್ರೆ ಕೇಳಿಸಿಕೊಳ್ಳೋಳು ಜೋಲಿಯಲ್ಲಿರೋಳು."

ಅಂದು ಅವಳು ಇಳಿಸುವ ಸಾಲುಗಳನ್ನೆಲ್ಲ ಹೊಡೆದುಹಾಕಿ ಹೊಸದಾಗಿ ಬರೆದಳು. ಇಂಗ್ಲಿಷಿನಲ್ಲಿ 'ಈಸ್', ಅಂದರೆ ನಿರಾಳವಾಗಿ ಇಳಿಸಿ, ಎಂದಿದ್ದ ಕಡೆ ಸ್ಪ್ಯಾನಿಷ್‌ನಲ್ಲಿ ಎರಡು ಪುಟ್ಟ ವಾಕ್ಯ ಬಂದವು: ಈಗ ನಿಧಾನವಾಗಿ ಇಳಿಸಿ. ಕುರ್ಚಿ ಕೆಳಗೇ ಇದೆ.

ಯಜಮಾನರು ಅದನ್ನು ಓದಿ ಕನ್ನಡಕ ತೆಗೆದರು.

"ಕುರ್ಚಿ ಎಲ್ಲಿಂದ ಬಂತಮ್ಮ? ಮೂಲದಲ್ಲಿ ಇಲ್ವಲ್ಲ."

"ಮೂಲದಲ್ಲಿ 'ಈಸ್' ಇದೆ ಸರ್. ಕೆಳಗೆ ಏನೋ ಇದೆ ಅಂತ ಗೊತ್ತಾಗೋವರೆಗೆ ಯಾರಿಗೂ 'ಈಸ್' ಅನ್ಸಲ್ಲ."

"'ಹೋಲ್ಡ್' ಒಂದಕ್ಕೆ ನಾಲ್ಕು ಪದ ಹಾಕಿದೀಯ. ಒಂದಕ್ಕೊಂದೇ ಅಂತ ಅವರು ದಪ್ಪಕ್ಷರದಲ್ಲಿ ಬರೆದಿದಾರೆ. ಅವರ ನಿಯಮ ಅವರ ಮುಂದೇನೇ ಮುರಿಯೋದಾ? ಎಲ್ಲ ಒಂದು ಮಾಡು."

ಬೇರೆ ದಿನವಾಗಿದ್ದರೆ ಅವಳು ಸರಿ ಸರ್ ಎನ್ನುತ್ತಿದ್ದಳು. ಅವಳ ಬಾಯಲ್ಲಿ ಆ ಎರಡು ಪದ ಸದಾ ಸಿದ್ಧ ಇರುತ್ತಿದ್ದವು.

"ಇಲ್ಲ ಸರ್," ಎಂದಳು. "ಬರೆದವರೇ ತೂಗಬೇಕು ತಾನೆ? ತೂಗೋಳು ನಾನು. ಹೀಗೇ ಇರಲಿ."

ಯಜಮಾನರು ಕನ್ನಡಕ ಹಾಕಿಕೊಂಡರು, ಮತ್ತೆ ತೆಗೆದರು. ಕೊನೆಗೆ, "ಬಿದ್ರೆ ನನ್ನನ್ನ ಕೇಳಬೇಡ," ಎಂದು ಹೋದರು.

ಕಾರ್ಖಾನೆಯ ಪರೀಕ್ಷೆಯ ಕೋಣೆ ಆಸ್ಪತ್ರೆಯ ವಾರ್ಡಿನಂತೆಯೇ ಇತ್ತು. ಒಂದು ಮಂಚ, ಒಂದು ಗಾಲಿಕುರ್ಚಿ, ನಡುವೆ ಬಾಗಿದ ಕತ್ತಿನ ಬಿಳಿ ಯಂತ್ರ. ಅದನ್ನು ರೂಪಿಸಿದ ಇಂಜಿನಿಯರ್ ಗಿಡ್ಡನೆಯ ಹೆಂಗಸು, ತುರುಬಿಗೆ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡಿದ್ದರು. ಗೋಡೆಗೆ ಒರಗಿ ಇಬ್ಬರು ದಾದಿಯರು ನಿಂತಿದ್ದರು, ಒಬ್ಬಳು ಉದ್ದ, ಒಬ್ಬಳು ಗುಂಡಗೆ. ಬೇರೆ ದೇಶದಿಂದ ಅದೇ ವಾರ ಬಂದವರು, ತಮ್ಮತಮ್ಮಲ್ಲೇ ಸ್ಪ್ಯಾನಿಷ್‌ನಲ್ಲಿ ಪಿಸುಗುಡುತ್ತಿದ್ದರು.

ಗಾಜಿನ ಕಟ್ಟಡದಿಂದ ಬಂದಿದ್ದವನು ಕೆಂಪು ಟೈ ಕಟ್ಟಿದ್ದ.

"ಬರೆದವರು ನೀವೇನಾ?" ಎಂದು ಕೇಳಿದರು ಇಂಜಿನಿಯರ್.

"ಬರೆದಿದ್ದು ನಮ್ಮ ತಂಡ, ಮೇಡಂ. ಕಂಪ್ಯೂಟರ್ ಬರೆಯುತ್ತೆ, ತಂಡ ನೋಡುತ್ತೆ, ನಾನು ಸಹಿ ಹಾಕ್ತೀನಿ. ಸ್ಪ್ಯಾನಿಷ್ ನನಗೂ ಚೆನ್ನಾಗಿ ಬರುತ್ತೆ."

"ತಂಡವನ್ನೆಲ್ಲ ತೂಗೋಕಾಗಲ್ಲ. ನೀವೇ ಹತ್ತಿ."

ಟೈಯವನು ಜೋಲಿಯಲ್ಲಿ ಮಲಗಿದ. ಯಂತ್ರ ಮಾತಾಡಿತು. ನಿಯಮದ ಪ್ರಕಾರ ಎಲ್ಲ 'ಹೋಲ್ಡ್'ಗೂ ಸೊಸ್ತೆನೆರ್ ಬಿದ್ದಿತ್ತು. ಪಟ್ಟಿಗೆ ಆಸರೆ ಕೊಡಿ ಎಂದಿತು. ದಾದಿಯರು ಹೇಗೋ ಮಾಡಿದರು. ತಲೆಗೆ ಆಸರೆ ಕೊಡಿ ಎಂದಿತು, ಕೊಟ್ಟರು. ಗುಂಡಿಗೆ ಆಸರೆ ಕೊಡಿ ಎಂದಾಗ ಗುಂಡನೆಯ ದಾದಿ ಗುಂಡಿಯಿದ್ದ ರಿಮೋಟನ್ನು ಎಳೆಮಗುವಿನ ಹಾಗೆ ಅಂಗೈ ಮೇಲೆ ಮಲಗಿಸಿಕೊಂಡು ನಿಂತಳು. ಯಂತ್ರ ಏಳಲಿಲ್ಲ. ಆಮೇಲೆ ತಾವೇ ಊಹಿಸಿ ಒತ್ತಿದರು, ಎದ್ದಿತು. ಟೈಯವನು ನಡುಗಾಳಿಗೆ ಬಂದ. 'ಆಸರೆ ಕೊಡಿ' ಎಂದು ಮತ್ತೆ ಒಂಟಿ ಆಜ್ಞೆ ಬಂತು. ಯಾವುದಕ್ಕೆ ಎಂದು ಗೊತ್ತಾಗದೆ ಇಬ್ಬರೂ ಎರಡು ಕಡೆಯಿಂದ ಅವನನ್ನೇ ತಬ್ಬಿ ನಿಂತರು. ಜೋಲಿಯೊಳಗೆ ಅವನ ಕೊರಳ ಟೈ ಒಂದು ಕಿವಿಯ ಮೇಲೆ ಬಂದಿತ್ತು. ಕೊನೆಗೆ ಇಳಿಸುವ ಹಂತ. ಯಂತ್ರ ತಣ್ಣನೆಯ ದನಿಯಲ್ಲಿ ಹೇಳಿತು: "ರೋಗಿಯನ್ನು ಬಿಟ್ಟುಬಿಡಿ."

ದಾದಿಯರು ಬಿಡಲಿಲ್ಲ. ಅವರೇನು ಹುಚ್ಚರೇ? ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು. ಆದರೆ ಟೈಯವನಿಗೆ ಸ್ಪ್ಯಾನಿಷ್ ಚೆನ್ನಾಗಿ ಬರುತ್ತಿತ್ತಲ್ಲ.

"ಬೇಡ! ಬಿಡಬೇಡಿ! ಬಿಡಬೇಡಿ!" ಎಂದು ಅವನು ಸ್ಪ್ಯಾನಿಷ್‌ನಲ್ಲೇ ಅರಚಿದ.

ಇಂಜಿನಿಯರ್ ಕೈಯೆತ್ತಿ ಯಂತ್ರ ನಿಲ್ಲಿಸಿದರು.

ಅವಳ ಸರದಿ. ಚಪ್ಪಲಿ ಬಿಟ್ಟು ಮಂಚ ಹತ್ತುವಾಗ ಯಜಮಾನರು ಹಣೆಯೊರೆಸಿಕೊಳ್ಳುವುದು ಕಂಡಿತು. ಜೋಲಿಯಲ್ಲಿ ಮಲಗಿ ತುಟಿ ಮುಚ್ಚಿದಳು. ಮಾತಾಡದೆ ಇರುವುದರಲ್ಲಿ ಅವಳಿಗೆ ಅಭ್ಯಾಸ ಸಾಕಷ್ಟಿತ್ತು.

ಯಂತ್ರದ ಬಾಯಲ್ಲಿ ತನ್ನದೇ ವಾಕ್ಯ ಕೇಳಿಸಿತು. ಪಟ್ಟಿ ಹಿಡಿದುಕೊಳ್ಳಿ. ಹಿಡಿದುಕೊಂಡರು. ಸಿಕ್ಕಿಸಿ. ಸಿಕ್ಕಿಸಿದರು. ಉದ್ದನೆಯ ದಾದಿ ಅವಳ ಎಡ ಮೊಣಕಾಲಿನ ಪಟ್ಟಿಯನ್ನು ಕೊಕ್ಕೆಯ ತುದಿಗೆ ಮಾತ್ರ ತಾಗಿಸಿ ಕೈ ತೆಗೆದಳು. ಜೋಲಿಯಲ್ಲಿದ್ದವಳಿಗೆ ಅದು ಕಂಡಿತು. ಕೊಕ್ಕೆ ಕಚ್ಚಿಲ್ಲ. ಪೂರ್ತಿ ಮೇಲೆ ಹೋದರೆ ಜಾರುತ್ತದೆ.

ಹೇಳಿದರೆ ಸೋತಳು. ಹೇಳದಿದ್ದರೆ ಬಿದ್ದಾಳು.

ಗುಂಡಿ ಒತ್ತಿಯೇ ಇರಿ, ಎಂದಿತು ಯಂತ್ರ. ಬೆನ್ನ ಕೆಳಗಿನ ಹಾಸಿಗೆ ಇಲ್ಲವಾಯಿತು. ಎಡ ಕಾಲು ಸ್ವಲ್ಪ ಕೆಳಗಾಯಿತು. ಅವಳು ಜೋಲಿಯ ಅಂಚನ್ನು ಹಿಡಿದುಕೊಂಡಳು, ತುಟಿಯನ್ನು ಕಚ್ಚಿಕೊಂಡಳು. ಒಂದು ಗೇಣು ಮೇಲೆ.

"ತಾಳಿ," ಎಂದಿತು ಯಂತ್ರ. "ನಾಲ್ಕೂ ಪಟ್ಟಿ ನೋಡಿ. ಸಮವಿಲ್ಲದಿದ್ದರೆ ಇಳಿಸಿ ಸರಿಮಾಡಿ."

ಗುಂಡನೆಯವಳ ಬೆರಳು ನಿಂತಿತು. ಉದ್ದನೆಯವಳು ಬಗ್ಗಿ ಒಂದೊಂದೇ ಪಟ್ಟಿಯನ್ನು ಮುಟ್ಟುತ್ತ ಬಂದಳು. ಬಲ ಭುಜ. ಎಡ ಭುಜ. ಬಲ ಮೊಣಕಾಲು. ಎಡಕ್ಕೆ ಬಂದವಳು "ಆಯ್!" ಎಂದು ತನ್ನ ಹಣೆಯನ್ನೇ ಬಡಿದುಕೊಂಡಳು. ಇಳಿಸಿದರು. ಕೊಕ್ಕೆ ಟಕ್ಕೆಂದು ಕಚ್ಚಿತು. ಮತ್ತೆ ಎತ್ತಿದರು. ಈ ಸಲ ಅವಳು ಸಮವಾಗಿ, ಹಗುರವಾಗಿ, ಎಲ್ಲರ ತಲೆಗಿಂತ ಮೇಲೆ ಹೋದಳು. ಅಲ್ಲಿಂದ ಯಜಮಾನರ ಬೋಳು ನೆತ್ತಿ ಕಂಡಿತು. ಕೆಂಪು ಟೈ ಕಂಡಿತು. ಕಿಟಕಿಯಾಚೆ ಬೀದಿಯ ಮರದ ತುದಿ ಕಂಡಿತು. ಇಳಿಯಲು ಅವಸರವೇನೂ ಇಲ್ಲ ಎನ್ನಿಸಿತು.

"ಈಗ ನಿಧಾನವಾಗಿ ಇಳಿಸಿ," ಎಂದಿತು ಯಂತ್ರ. "ಕುರ್ಚಿ ಕೆಳಗೇ ಇದೆ."

ಅದನ್ನು ಬರೆದವಳು ಅವಳೇ. ಆದರೂ ಕೇಳಿದಾಗ ಯಾರೋ ಅವಳಿಗೆಂದೇ ಹೇಳಿದಂತಾಯಿತು. ಅಂಚು ಹಿಡಿದಿದ್ದ ಕೈ ತಾನಾಗಿಯೇ ಸಡಿಲವಾಯಿತು. ಕುರ್ಚಿ ಬಂದು ಬೆನ್ನಿಗೆ ತಾಗಿತು.

ಗುಂಡನೆಯ ದಾದಿ ಚಪ್ಪಾಳೆ ತಟ್ಟಿಬಿಟ್ಟಳು.

ಇಂಜಿನಿಯರ್ ಹತ್ತಿರ ಬಂದರು. "ನೀವು ನಮ್ಮ ನಿಯಮ ಮುರಿದಿದೀರಿ. ಒಂದು ಪದಕ್ಕೆ ನಾಲ್ಕು ಪದ."

"ನಾನು ಮೊದಲೇ ಹೇಳಿದ್ದೆ ಮೇಡಂ, ಇವಳಿಗೆ..." ಎಂದು ಯಜಮಾನರು ಶುರುಮಾಡಿದರು.

ಈಗ ಬಾಯಿ ತೆರೆಯಬಹುದಿತ್ತು. ಅವಳು ಕುರ್ಚಿಯಿಂದ ಏಳದೆಯೇ ಕೇಳಿದಳು, "ಇಂಗ್ಲಿಷ್ ಬರೆದವರು ಯಾರು, ಮೇಡಂ?"

"ನಾನೇ."

"ನೀವು ತೂಗಿದ್ರಾ?"

ಯಜಮಾನರು ಕಣ್ಣು ಮುಚ್ಚಿಕೊಂಡರು. ಇಂಜಿನಿಯರ್ ಅವಳನ್ನು ನೋಡಿದರು, ಯಂತ್ರವನ್ನು ನೋಡಿದರು. ಆಮೇಲೆ ತುರುಬಿನಿಂದ ಸ್ಕ್ರೂಡ್ರೈವರ್ ಕಿತ್ತು ಮೇಜಿನ ಮೇಲಿಟ್ಟರು.

"ಇಲ್ಲ. ಕಾರ್ಖಾನೆಯವಳೇ ಬರೆದದ್ದು ಅಂತ ನನ್ನದನ್ನ ಯಾರೂ ತೂಗಿ ನೋಡಲಿಲ್ಲ," ಎಂದು ಶೂ ಕಳಚಿ ಮಂಚ ಹತ್ತಿದರು. "ನಡೀರಿ, ಹಾಕಿ ನನ್ನ ಇಂಗ್ಲಿಷು."

ಇಂಗ್ಲಿಷ್ ಬಲ್ಲ ಇಬ್ಬರು ಹುಡುಗಿಯರನ್ನು ಕಾರ್ಖಾನೆಯ ಕಚೇರಿಯಿಂದ ಕರೆಸಿದರು. ಅವರು ಯಂತ್ರ ಮುಟ್ಟಿದವರಲ್ಲ. ಪಟ್ಟಿ, ತಲೆ, ಗುಂಡಿ ದಾಟಿತು. ಒಂಟಿ 'ಹೋಲ್ಡ್' ಬಂದಾಗ ಹುಡುಗಿಯರು ಜೋಲಿಯನ್ನು ಗಟ್ಟಿಯಾಗಿ ಹಿಡಿದು ಮುಂದಿನ ಮಾತಿಗೆ ಕಾದರು. ಪಟ್ಟಿ ಒಂದು ಬಿಗಿ, ಒಂದು ಸಡಿಲ ಇದ್ದವು, ನೋಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಜೋಲಿ ಹಾಗೇ ವಾಲಿಕೊಂಡು ಮೇಲೇರಿತು.

"ಸಾಕು, ಸಾಕು! ಇಳಿಸ್ರೇ!" ಎಂದು ಇಂಜಿನಿಯರ್ ಕೂಗಿದರು. ಇಳಿದ ಮೇಲೆ ಬಿಚ್ಚಿಹೋದ ತುರುಬು ಕಟ್ಟಿಕೊಳ್ಳುತ್ತ ನಕ್ಕರು. "ನಾನೂ ಸೋತೆ. ಸ್ಪ್ಯಾನಿಷ್ ನಿಮ್ಮದೇ. ಅದನ್ನ ನೋಡ್ಕೊಂಡು ನಮ್ಮ ಇಂಗ್ಲಿಷನ್ನೂ ನೀವೇ ಬರೆದುಕೊಡಿ. ಒಂದಕ್ಕೊಂದೇ ಪದ ಅನ್ನೋ ಆ ನಿಯಮ ಇವತ್ತಿಗೆ ಮುಗೀತು."

ಹಿಂದಿರುಗುವಾಗ ಯಜಮಾನರು ದಾರಿಯುದ್ದಕ್ಕೂ ತಾವೇ ಗೆದ್ದಂತೆ ಮಾತಾಡಿದರು. "ನನಗೆ ಮೊದಲೇ ಗೊತ್ತಿತ್ತು ಕಣಮ್ಮ. ನಿನ್ನ ಮೇಜು ಕಿಟಕಿ ಪಕ್ಕಕ್ಕೆ ಹಾಕಿಸ್ತೀನಿ."

"ಇನ್ನೊಂದು ಮೇಜೂ ಬೇಕು ಸರ್. ಕೆಲಸ ಜಾಸ್ತಿ ಬರುತ್ತಲ್ಲ, ಜೊತೆಗೆ ಒಬ್ಬರು ಬೇಕು. ಆಮೇಲೆ, ಒಂದು ಮಂಚ."

"ಕಚೇರಿಯಲ್ಲಿ ಮಂಚವಾ?"

"ದಿನಾ ಅತ್ತೇನ ಎತ್ತೋಕಾಗುತ್ತಾ?"

ಮನೆಯ ಬಾಗಿಲಲ್ಲೇ ಅತ್ತೆ, ದರ್ಜಿ ಅಕ್ಕ, ಅವಳ ಗಂಡ ಸಾಲಾಗಿ ನಿಂತಿದ್ದರು. ಅವಳು ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದದ್ದು ನೋಡಿಯೇ ಅತ್ತೆಗೆ ಗೊತ್ತಾಯಿತು. ಆದರೂ ಕೇಳಿದರು.

"ಎತ್ತಿದ್ರಾ?"

"ಎತ್ತಿದ್ರು."

"ಇಳಿಸಿದ್ರಾ?"

"ಇಳಿಸಿದ್ರು ಅತ್ತೆ. ಕುರ್ಚಿ ಕೆಳಗೇ ಇತ್ತು."

"ಹೆದರಿಕೆ ಆಯ್ತಾ?"

ಅವಳು ಉತ್ತರ ಕೊಡುವ ಬದಲು ಬ್ಯಾಗನ್ನು ಕೆಳಗಿಟ್ಟು, ಎರಡೂ ತೋಳಲ್ಲಿ ಅತ್ತೆಯನ್ನು ನೆಲದಿಂದ ಎತ್ತಿಬಿಟ್ಟಳು. ಜೋಲಿಯಿಲ್ಲ, ಸೂಚನೆಯಿಲ್ಲ. ದರ್ಜಿ ಅಕ್ಕ ಕಿರುಚಿದಳು. ಗಾಡಿಯವನು ಹುಷಾರು ತಂಗಿ, ಹುಷಾರು ಎಂದ. ಅತ್ತೆ ಗಾಳಿಯಲ್ಲಿ ಕಾಲು ಬಡಿಯುತ್ತ, ಸೊಸೆಯ ಕುತ್ತಿಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡು ಬೈದರು:

"ಇಳಿಸೇ! ಮುಂದಿನ ಯಂತ್ರ ಯಾವುದು ಅಂತ ಮೊದಲು ಹೇಳು. ಸ್ನಾನ ಮಾಡಿಸೋ ಯಂತ್ರ ಆದ್ರೆ ನಾನು ಮಾತ್ರ ಬರಲ್ಲ. ಇವಳ ಗಂಡನ್ನ ಕೂರಿಸ್ಕೋ!"